ನನ್ನ ದನಿಗೆ ತಾಲೀಮು

ನವೆಂಬರ್ 12, ಬೆಳಗ್ಗೆ

ಬಿಸಿನೀರಿನ ಹಬೆ, ಸ್ವಲ್ಪ ಗುನುಗು, ಆಮೇಲೆ ಕಾಫಿ. ಹಾಡಿಸುವವರು ಯಾರೂ ಇಲ್ಲದಿದ್ದರೂ ಗಂಟಲಿಗೆ ಉಪಚಾರ ತಪ್ಪಿಲ್ಲ. ಚಟ.

ಬೇಸಿಗೆಯಿಂದ ಹಂಪುಸ್ ಕರೆದಿಲ್ಲ. ಇಪ್ಪತ್ತು ವರ್ಷ ಅವನ ಸ್ಟುಡಿಯೋದಲ್ಲಿ ಡೆಮೊ ಹಾಡಿದೆ. ದೊಡ್ಡ ಗಾಯಕಿಯರಿಗೆ ಹೊಸ ಹಾಡು ಕೇಳಿಸಬೇಕಲ್ಲ, ಅದಕ್ಕೆ ನನ್ನ ದನಿ. ಅವರು ಒಪ್ಪಿ ಹಾಡಿದರೆಂದರೆ ನನ್ನದು ಮೂಲೆಗೆ. ಹಾಡಿಟ್ಟ ಹಳೆಯ ರೆಕಾರ್ಡಿಂಗುಗಳನ್ನು ಯಾರೂ ಮನೆಗೆ ತರುವುದಿಲ್ಲ, ಸ್ಟುಡಿಯೋದಲ್ಲೇ ಬಿಟ್ಟು ಬರುವುದು ನಮ್ಮವರ ಪದ್ಧತಿ. ಹೋದ ವರ್ಷ ಹಂಪುಸ್ ಕೇಳಿದ್ದ, "ಅದನ್ನೆಲ್ಲ ಎಐಗೆ ಕಲಿಸ್ಲಾ?" ಬಾಯಲ್ಲಿ ದಾಲ್ಚಿನ್ನಿ ಬನ್ನು ಇತ್ತು. ಹೂಂ ಎಂದು ತಲೆಯಾಡಿಸಿದೆ. ಈಗ ದನಿ ಅವನ ಕಂಪ್ಯೂಟರಿನಲ್ಲಿ, ನಾನು ಅಡುಗೆಮನೆಯಲ್ಲಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

ಅದೇ ದಿನ, ಮಧ್ಯಾಹ್ನ

ಹಂಪುಸ್ ಫೋನ್!! ಟೀವಿ ಸ್ಪರ್ಧೆಗೆ ನನ್ನ ಹಾಡು ಆಯ್ಕೆಯಾಗಿದೆ. ಅಪ್ಪನ ಹಾಡು — ಕೊನೆಯ ಫೆರಿ ಬರುವವರೆಗೂ ದ್ವೀಪದ ದೋಣಿಕಟ್ಟೆಯಲ್ಲಿ ನನಗಾಗಿ ಕಾಯುತ್ತಿದ್ದನಲ್ಲ, ಆ ಹಾಡು. ಮಾತೂ ನನ್ನದು, ರಾಗವೂ ನನ್ನದು. ಹಂಪುಸ್ ನನ್ನನ್ನು ಕೇಳದೆಯೇ, ಕಂಪ್ಯೂಟರಿನಲ್ಲಿರುವ ನನ್ನ ದನಿಯಲ್ಲಿ ಹಾಡಿಸಿ ಕಳಿಸಿದ್ದಾನೆ. ಬೈಯಬೇಕಿತ್ತು. ಬೈಯಲಿಲ್ಲ. ಸ್ಪರ್ಧೆಯ ನಿಯಮ ಹೀಗೆ: ಹಿಂಬದಿಯ ಸಹಗಾಯನ ಟೇಪಿನಲ್ಲಿ ಬರಬಹುದು, ಮುಖ್ಯ ಗಾಯನ ಮಾತ್ರ ವೇದಿಕೆಯ ಮೇಲೆ ಮನುಷ್ಯರೇ ಹಾಡಬೇಕು.

ಅಂದರೆ ನಾನು! ನಲವತ್ತೆಂಟನೇ ವಯಸ್ಸಿನಲ್ಲಿ, ನನ್ನ ಹೆಸರಿನಲ್ಲೇ. ಗಂಡ ಕೆಂಟ್ ಟ್ರಾಮ್ ಡ್ಯೂಟಿ ಮುಗಿಸಿ ಬರುತ್ತಿದ್ದಂತೆ ಬಾಗಿಲಲ್ಲೇ ಅಪ್ಪಿಕೊಂಡು ಅತ್ತುಬಿಟ್ಟೆ. "ಅಯ್ಯೋ, ಯಾರು ಸತ್ರು?" ಅಂದ ಪಾಪ.

ನವೆಂಬರ್ 15

ಸ್ಟುಡಿಯೋ. ಕೇಳಿದೆ. ಯಂತ್ರದ ದನಿ: ಇಪ್ಪತ್ತೆಂಟರ ವಯಸ್ಸಿನ ನಾನು. ಗಾಜಿನಂಥ ದನಿ. ಉಸಿರೇ ಇಲ್ಲ — ಉದ್ದದ ಸಾಲನ್ನು ಎಲ್ಲೂ ನಿಲ್ಲದೆ ಎಳೆದುಕೊಂಡು ಹೋಗುತ್ತಾಳೆ. ಶ್ರುತಿಯೋ, ಆಕಾಶದಲ್ಲಿದೆ.

"ಶ್ರುತಿ ಒಂದೂವರೆ ಮನೆ ಇಳಿಸು ಹಂಪುಸ್."

"ಇಳಿಸಿದ್ರೆ ಹೊಳಪು ಹೋಗುತ್ತೆ ಮಾರಾಯ್ತಿ. ಸ್ಪರ್ಧೆಯವರು ಒಪ್ಪಿರೋದೇ ಆ ಹೊಳಪಿಗೆ."

"ಈಗ ನನ್ನ ಗಂಟಲು ಅಲ್ಲಿಗೆ ಹೋಗಲ್ಲ."

"ನಿನ್ನದೇ ದನಿ ತಾನೇ? ತಾಲೀಮು ಮಾಡು. ಆ್ಯಪ್ ಹಾಕ್ಕೊಡ್ತೀನಿ."

ಡಿಸೆಂಬರ್ 2

ಆ್ಯಪ್ ಹೀಗೆ: ಕಿವಿಯಲ್ಲಿ ಅವಳು ಹಾಡುತ್ತಾಳೆ, ಜೊತೆಗೆ ನಾನು. ಹೊಂದಿದರೆ ಹಸಿರು ಗೆರೆ, ತಪ್ಪಿದರೆ ಕೆಂಪು. ಕೊನೆಗೆ ಅಂಕ. ಇವತ್ತು ನಾನು ನನ್ನಂತೆ ನೂರಕ್ಕೆ ಐವತ್ತೆಂಟು ಮಾತ್ರ ಇದ್ದೇನೆ.

ಕೆಂಟ್‌ಗೆ ನಗು. "ಪರವಾಗಿಲ್ಲ ಕಣೇ, ಪಾಸ್ ಆಗಿದೀಯ. ನಾನು ನನ್ನ ಹಾಗೆ ಮೂವತ್ತೂ ಇರಲ್ಲ."

ನಾನು ನಗಲಿಲ್ಲ. ಉಸಿರು ತೆಗೆದುಕೊಂಡ ಕಡೆಯೆಲ್ಲ ಕೆಂಪು. ಉಸಿರಾಡಿದ್ದಕ್ಕೆ ಅಂಕ ಕಡಿತ! ಆ ಹುಡುಗಿಯನ್ನು ದ್ವೇಷಿಸುತ್ತೇನೆ. ಅವಳು ನಾನೇ, ಗೊತ್ತು. ಆದರೂ.

ಡಿಸೆಂಬರ್ 13

ಬೆಳಗಿನ ಕತ್ತಲಲ್ಲಿ ಲೂಸಿಯಾ ಹಬ್ಬದ ಮಕ್ಕಳು ಮೋಂಬತ್ತಿ ಹಿಡಿದು ಹಾಡುತ್ತ ಬಂದವು. ಬೇಸುರ. ಎಷ್ಟು ಚೆಂದ. ಜೊತೆಗೆ ದನಿ ಸೇರಿಸಲು ಹೋದೆ. ಗಂಟಲು ಕಟ್ಟಿದೆ — ಬರೀ ಗಾಳಿ.

ಜನವರಿ 9

ಡಾಕ್ಟರು ಮೂರು ವಾರ ಮಾತನ್ನೂ ಬಿಡಿಸಿದ್ದರು. ಇವತ್ತು ಸ್ಟುಡಿಯೋಕ್ಕೆ ಹೋದರೆ ನನ್ನ ಮೈಕಿನ ಮುಂದೆ ಒಬ್ಬಳು ಹುಡುಗಿ. ಸ್ವೇಯಾ. ಇಪ್ಪತ್ತೊಂದು. ಅದೇ ಆ್ಯಪ್, ಅದೇ ಹಾಡು. ಪೂರ್ತಿ ಹಸಿರು. ನನ್ನಂತೆ ತೊಂಬತ್ತಾರು.

"ಇದು ಬರೀ ಮುನ್ನೆಚ್ಚರಿಕೆ," ಅಂದ ಹಂಪುಸ್, ನೆಲ ನೋಡುತ್ತ. ಇವನ ಮುನ್ನೆಚ್ಚರಿಕೆಗೆ ಆಗಲೇ ವೇದಿಕೆಯ ಬಟ್ಟೆ ಹೊಲಿಸಿಯಾಗಿದೆ, ಗೋಡೆಗೆ ತೂಗುಹಾಕಿತ್ತು.

ಎರಡನೇ ಚರಣದಲ್ಲಿ ಹುಡುಗಿ ತೂರಾಡಿದಳು, ತುಟಿ ಬಿಳಿಚಿತ್ತು. ಯಂತ್ರದಿಂದ ಕಲಿತವಳು, ಉಸಿರಾಡುವ ಜಾಗವೇ ಗೊತ್ತಿಲ್ಲ.

"ಉಸಿರು ಎಲ್ಲಿ ಅಂತ ಸ್ವಲ್ಪ ತೋರಿಸ್ಕೊಡು ಪೆರ್ನಿಲ್ಲಾ. ಹಾಡು ನಿನ್ನದಲ್ವಾ?"

ನಾಚಿಕೆ ಇಲ್ಲದವನು. ಎದ್ದು ಹೊರಟೆ. ಕೋಟು ಹಾಕಿಕೊಳ್ಳುವಾಗ ಸ್ವೇಯಾ ಹಿಂದೆ ಬಂದಳು. "ನಂಗೆ ನಿಮ್ಮ ಹಾಗೆ ಹಾಡಬೇಕು ಅಂತೇನಿಲ್ಲ ಮೇಡಂ. ನಂದೇ ತರ ಹಾಡಿದ್ರೆ ಕೆಂಪು ಬರುತ್ತೆ. ಕೆಂಪು ಬಂದ್ರೆ ಇನ್ನೊಬ್ಬಳನ್ನ ಕರೀತಾರೆ."

ಕೋಟು ಬಿಚ್ಚಿದೆ. ತೋರಿಸಿದೆ. 'ದೋಣಿಕಟ್ಟೆ'ಗೆ ಮುಂಚೆ ಕಳ್ಳ ಉಸಿರು, 'ಅಪ್ಪ' ಅಂದ ಮೇಲೆ ಪೂರ್ತಿ ಉಸಿರು — ಅಲ್ಲಿ ಹಾಡಿಗೂ ಬಿಕ್ಕು ಬಂದಂತಾಗುತ್ತದೆ. ಎರಡೇ ಸಲಕ್ಕೆ ಹಿಡಿದಳು. ಇದು ನನ್ನ ದೊಡ್ಡತನವಲ್ಲ. ಅಪ್ಪನ ಹಾಡು ಉಸಿರುಕಟ್ಟಿ ಸಾಯುವುದನ್ನು ನೋಡಲಾಗಲಿಲ್ಲ, ಅಷ್ಟೇ.

ಫೆಬ್ರವರಿ 15, ಶನಿವಾರ

ಟೀವಿ ಹಾಕುವುದಿಲ್ಲ ಎಂದಿದ್ದೆ. ಹಾಕಿದೆ. ಕೆನೆ ತುಂಬಿದ ಸೆಮ್ಲಾ ಬನ್ನು ತಂದಿದ್ದ ಕೆಂಟ್, ನಾನು ಮುಟ್ಟಲಿಲ್ಲ. ಹಿಂಬದಿಯ ಟೇಪಿನಲ್ಲಿ ಯಂತ್ರದ ನಾನು, ಮುಂದೆ ಸ್ವೇಯಾ. ಎರಡೂ ಉಸಿರು ಸರಿಯಾಗಿ ಬಂದವು. ಸಭೆ ಎದ್ದು ನಿಂತಿತು. ಗೆದ್ದಳು. ನಿರೂಪಕಿ, "ಇಂಥ ದನಿ ನಾವು ಕೇಳೇ ಇರಲಿಲ್ಲ!"

ಇಪ್ಪತ್ತು ವರ್ಷ ಕೇಳಿದ್ದೀರಿ ಕಣ್ರೋ.

ಕೆಂಟ್ ಟೀವಿ ಆರಿಸಿದ. ಅವನು ತಮಾಷೆ ಮಾಡದಿದ್ದಾಗಲೇ ನನಗೆ ಭಯ.

ಮೇ 6

ಕೊನೆಗೂ ಕೆಲಸ. ಬೇರೆ ಊರಿನ ಸ್ಟುಡಿಯೋ. ಯಂತ್ರ ಬೇಡ, ಮನುಷ್ಯರ ದನಿಯೇ ಬೇಕು ಎನ್ನುವವರು. ಬೆಳಗಿನ ರೈಲಿಗೆ ಹೋದೆ. ಶ್ರುತಿ ನನಗೆ ತಕ್ಕಂತೆ ಇಳಿಸಿಕೊಟ್ಟರು. ಎಷ್ಟು ದಿನವಾಗಿತ್ತು! ಕಣ್ಣು ಮುಚ್ಚಿ ಹಾಡಿದೆ. ನನ್ನ ಎಳೆತ, ನನ್ನ ಉಸಿರು. ಕೆಂಪೂ ಇಲ್ಲ ಹಸಿರೂ ಇಲ್ಲ.

ಗಾಜಿನ ಆಚೆ ಇಬ್ಬರು ಏನೋ ಗುಸುಗುಸು. ಆಮೇಲೆ ಹೆಡ್‌ಫೋನಿನಲ್ಲಿ, ಬಹಳ ಮರ್ಯಾದೆಯಿಂದ:

"ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಸ್ವೇಯಾನ ಅನುಕರಣೆ ಬೇಡ. ಉಸಿರು ತಗೊಳ್ಳೋದೂ ಅವಳ ಹಾಗೇ ಇದೆ. ನಾಳೆ ಕೇಸು ಗೀಸು ಅಂತ ಆಗುತ್ತೆ. ನಿಮ್ಮದೇ ದನೀಲಿ ಒಂದ್ಸಲ ಹಾಡಿ, ಪ್ಲೀಸ್."

ಟ್ರ್ಯಾಕ್ ಮೊದಲಿನಿಂದ ಹಾಕಿದರು. ಬಾಯಿ ತೆರೆದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಗೊತ್ತಾಗದೆ —