ಶಾಯಿ ಹೀರದ ಬಿಲ್ಲೆಗಳು

ಮತ್ತಿಕೆರೆ
೧೧ ಮಾರ್ಚ್ ೧೯೬೨, ಭಾನುವಾರ

ಪ್ರೀತಿಯ ತಾಜುದ್ದೀನ್ ಮಾಮನವರಿಗೆ ಚಿಕ್ಕಬೈರನ ನಮಸ್ಕಾರಗಳು.

ಈ ಕಾಗದವನ್ನು ನಿಮಗೆ ಮಗಳು ಅಮೀನಾ ಓದಿ ಹೇಳುತ್ತಾಳೆಂದು ಬಲ್ಲೆ. ಅಮೀನಾ, ನಡುವೆ ಸಿಟ್ಟು ಬಂದರೂ ಹರಿದು ಹಾಕದೆ ಕೊನೆಯವರೆಗೆ ಓದಮ್ಮ.

ಮಾಮ, ಬಿಲ್ಲೆ ಒತ್ತುವ ಆ ಪುಡಿಯನ್ನು ಕಲಬೆರಕೆ ಮಾಡಿದವನು ನಾನು. ಐದು ತಿಂಗಳಿಂದ ಬಚ್ಚಿಟ್ಟುಕೊಂಡಿದ್ದೆ. ನಿಮ್ಮ ಕುಲುಮೆಯ ಬೆಂಕಿಯಲ್ಲಿ ಯಾವ ತಪ್ಪೂ ಇರಲಿಲ್ಲ.

ಕಳೆದ ಆಯುಧಪೂಜೆಯ ದಿನ ನೀವು ರಜೆಯಲ್ಲಿದ್ದಿರಿ. ಹಿಂದಿನ ಸಂಜೆ ಹೊರಡುವಾಗ, "ಜರ್ಮನಿ ಪುಡಿ ಅದು, ಜಾಡಿ ಮುಚ್ಚಿಡು. ಸ್ಕೂಲ್ ಬಿಟ್ಟಿದ್ದು ಸಾಲ್ದು ಅಂತ ಮುಚ್ಚಳಾನೂ ಬಿಟ್ಟೀಯ ಮಗಾ" ಎಂದು ಹೇಳಿ ಹೋಗಿದ್ದಿರಿ. ಮರುದಿನ ನಮ್ಮ ಪ್ರಯೋಗಾಲಯದ ಕುಲುಮೆಗೆ, ತಕ್ಕಡಿಗೆ, ಪಿಂಗಾಣಿ ಬಿಲ್ಲೆ ಒತ್ತುವ ಯಂತ್ರಕ್ಕೆ ನಾನೇ ಪೂಜೆ ಮಾಡಿದೆ. ಜಾಡಿಯೂ ನಮ್ಮ ಆಯುಧವೇ ಅಲ್ಲವೇ ಎಂದುಕೊಂಡು ಅದಕ್ಕೂ ಮೂರು ಪಟ್ಟೆ ಎಳೆಯಲು ಹೋದೆ. ಹಡಗಿನಲ್ಲಿ ಬಂದ ಪುಡಿ ಹೇಗಿರುತ್ತದೆ ನೋಡೋಣವೆಂಬ ಚಪಲಕ್ಕೆ ಮುಚ್ಚಳ ತೆಗೆದಿದ್ದೆ. ಅಮ್ಮ ಬೆರಣಿ ಸುಟ್ಟು ಮಾಡಿಕೊಟ್ಟ ವಿಭೂತಿಯ ಬಟ್ಟಲು ಕೈತಪ್ಪಿ ಮಗುಚಿತು, ಅರ್ಧ ವಿಭೂತಿ ಜಾಡಿಯೊಳಗೆ ಬಿತ್ತು. ಅದೂ ಬಿಳಿ, ಇದೂ ಬಿಳಿ. ಕೈ ಹಾಕಿ ಕಲಸಿ, ಮುಚ್ಚಿ, ಎಲ್ಲರಿಗೂ ಕಡಲೆಪುರಿ ಹಂಚಿದೆ.

ರಜೆ ಮುಗಿಸಿ ಬಂದು ನೀವು ಅದೇ ಪುಡಿಯಿಂದ ಬಿಲ್ಲೆ ಒತ್ತಿ ಸುಟ್ಟಿರಿ. ಅದಕ್ಕೆ ಮೊದಲು ನಮ್ಮ ಬಿಲ್ಲೆಗಳ ಮೇಲೆ ಒಂದು ತೊಟ್ಟು ಶಾಯಿ ಬಿಟ್ಟರೆ ಸೀಮೆಸುಣ್ಣದ ಹಾಗೆ ಕುಡಿದುಬಿಡುತ್ತಿದ್ದವು. ಅಂದು ತೊಟ್ಟು ಮೇಲೆಯೇ ನಿಂತಿತು. ಒರೆಸಿದರೆ ಕಲೆಯೂ ಇಲ್ಲ. ಅಷ್ಟು ಗಟ್ಟಿ ಪಿಂಗಾಣಿ, ಅದೂ ಎಂದಿಗಿಂತ ಕಡಿಮೆ ಕಾವಿನಲ್ಲಿ. ನಮ್ಮ ವಿಭಾಗದ ಡಾಕ್ಟರ್ ಚನ್ನಕೇಶವ ನಿಮ್ಮ ಬೆನ್ನು ತಟ್ಟಿ, "ವಿಮಾನದ ಎಂಜಿನ್ ಪ್ಲಗ್ಗಿಗೆ ಇಂಥದ್ದೇ ಬೇಕು ಕಣಯ್ಯ" ಎಂದರು. ಅಂದೇ ಲಂಡನ್ನಿನ ಪತ್ರಿಕೆಗೆ ಬರೆಯಲು ಕೂತರು.

ಆ ಜಾಡಿ ಮುಗಿಯಿತು. ಹೊಸ ಜಾಡಿಯಿಂದ ನಾಲ್ಕು ಸಲ ಸುಟ್ಟಿರಿ, ನಾಲ್ಕು ಸಲವೂ ಬಿಲ್ಲೆ ಶಾಯಿ ಕುಡಿಯಿತು. ಮುದುಕ ಕುಲುಮೆಯ ಮುಂದೆ ತೂಕಡಿಸುತ್ತಾನೆ, ಕಾವು ನೋಡುವುದಿಲ್ಲ ಎಂದು ಡಾಕ್ಟರು ನಿಮ್ಮ ಕಡತದಲ್ಲಿ ಬರೆದರು. ನವೆಂಬರಿನಲ್ಲಿ ನಿಮ್ಮನ್ನು ಮನೆಗೆ ಕಳಿಸಿದರು. "ಇಪ್ಪತ್ತೆರಡು ವರ್ಷದಿಂದ ಬೆಂಕಿ ನೋಡ್ತಿದೀನಿ ಸಾರ್, ಒಂದಿನಾ ಕಣ್ ಮುಚ್ಚಿಲ್ಲ" ಎಂದು ನೀವು ಅವರ ಮೇಜಿನ ಮುಂದೆ ನಿಂತು ಹೇಳುವಾಗ ನಾನು ಬಾಗಿಲ ಹಿಂದೆ ಒಂದು ಗಾಜಿನ ಲೋಟ ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

ಫೆಬ್ರವರಿಯಲ್ಲಿ ಲೇಖನ ಅಚ್ಚಾಗಿ ಬಂತು. ಡಾಕ್ಟರು ಎಲ್ಲರಿಗೂ ಮೈಸೂರುಪಾಕು ಹಂಚಿದರು. ನನ್ನ ತುಂಡನ್ನು ತಟ್ಟೆಯಲ್ಲೇ ಬಿಟ್ಟೆ. ಅವರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡಿದ್ದೆ, ಅವರು ನಕ್ಕರು. "ವಿಭೂತಿ ಬಿತ್ತು ಅಂತ ಬರೆಯೋಕಾಗುತ್ತೇನೋ? ಲಂಡನ್ನಿಂದ ನನಗೊಂದು ಜಾಗಟೆ ಕಳಿಸ್ತಾರೆ." ನಂಬದಿದ್ದರೆ ಸುಟ್ಟು ತೋರಿಸುತ್ತೇನೆ ಎಂದೆ. ಒಂದು ಬಿಲ್ಲೆಗೆ ವಿಭೂತಿ ಬೆರೆಸಿ, ಇನ್ನೊಂದಕ್ಕೆ ಬೆರೆಸದೆ, ಎರಡನ್ನೂ ಒಟ್ಟಿಗೆ ಸುಟ್ಟೆ. ಶಾಯಿ ಒಂದರ ಮೇಲೆ ನಿಂತಿತು, ಇನ್ನೊಂದರೊಳಗೆ ಇಳಿಯಿತು. ಡಾಕ್ಟರು ನಗುವುದನ್ನು ಬಿಟ್ಟು ಎದ್ದು ಬಾಗಿಲು ಹಾಕಿದರು.

ಆಮೇಲೆ ಡಾಕ್ಟರು ಅಮ್ಮನ ವಿಭೂತಿಯನ್ನೇ ತರಿಸಿಕೊಂಡರು. ಅದರಲ್ಲಿ ಸುಣ್ಣವೆಷ್ಟು, ಮರಳಿನ ಅಂಶವೆಷ್ಟು, ಇನ್ನೇನೇನಿದೆ ಎಂದು ಬಿಡಿಸಿ ನೋಡಿದರು. ವಾರ ಕಳೆಯುವಷ್ಟರಲ್ಲಿ ಸೀಸೆಯ ಮೇಲೆ 'ಮಿಶ್ರಣ ಬಿ' ಎಂಬ ಚೀಟಿ ಬಿತ್ತು. ತಾವೇ ಯೋಚಿಸಿ ಬೆರೆಸಿದ್ದೆಂದು ಎರಡನೇ ಲೇಖನ ತಯಾರಾಯಿತು. ಬರೆದುಕೊಳ್ಳಲಿ, ಆ ಹೆಸರು ನನಗೆ ಬೇಡ. "ಈಗಲಾದ್ರೂ ತಾಜುದ್ದೀನ್ ಮಾಮನ್ನ ವಾಪಸ್ ಕರೆಸಿ ಸಾರ್" ಎಂದು ಕೇಳಿದೆ. ಬರೆಯುತ್ತಿದ್ದ ಹಾಳೆಯಿಂದ ಕಣ್ಣೆತ್ತಲಿಲ್ಲ. "ಕರೆದ್ರೆ ಯಾಕೆ ಕಳಿಸಿದ್ರಿ ಅಂತ ನನ್ನ ಕೇಳ್ತಾರೆ. ಮುಗಿದುಹೋದ ವಿಷಯ. ನೀನು ಚೆನ್ನಾಗಿದ್ದೀಯಲ್ಲ?" ಎಂದರು.

ಪುಡಿಯಲ್ಲಿ ಒಂದು ಕೂದಲು ಕಂಡರೆ ಇಡೀ ಜಾಡಿ ಚೆಲ್ಲಿಸುವ ಮನುಷ್ಯ, ಮಾಮ. ಊಟಕ್ಕೆ ಮೊದಲು ಮೂರು ಸಲ ಸೋಪು ಹಚ್ಚಿ ಕೈ ತೊಳೆಯುವ ಮನುಷ್ಯ. ನಿಮ್ಮ ಕಡತದಲ್ಲಿ ತಾನೇ ಬರೆದ ಸುಳ್ಳು ಸುಳ್ಳೆಂದು ಗೊತ್ತಾದ ಮೇಲೂ ಅದನ್ನು ಹಾಗೇ ಬಿಟ್ಟು, ಕೈ ತೊಳೆದು ಡಬ್ಬಿ ಬಿಚ್ಚಿದ. ಮೊಸರನ್ನದ ವಾಸನೆಗೆ ನನಗೆ ಓಕರಿಕೆ ಬಂತು. ಆದರೆ ನವೆಂಬರಿನಿಂದ ನಾನೂ ಹಾಗೇ ಉಂಡಿದ್ದೇನಲ್ಲ ಎನಿಸಿದಾಗ ನನ್ನ ಮೇಲೆ ಇನ್ನೂ ಹೆಚ್ಚು ಹೇಸಿಗೆಯಾಯಿತು.

ನಾನು ಇದನ್ನೆಲ್ಲ ಮೇಲಿನವರಿಗೆ ಬರೆದುಕೊಡಲು ಹೊರಟದ್ದು ಅಮ್ಮ ಮುನಿಯಲ್ಲಮ್ಮನಿಗೆ ಇಷ್ಟವಿರಲಿಲ್ಲ. "ಇಂಗೆ ಒಂದೊಂದೇ ಬಿಟ್ಕೊಂಡೋದ್ರೆ ಇಸ್ಕೂಲ್ನಂಗೇ ಇದೂ ಆಯ್ತದೆ. ಬಾಯ್ ಮುಚ್ಕೊಂಡಿರಾಕೆ ಏನ್ಲಾ ಬ್ಯಾನೆ ನಿಂಗೆ" ಎಂದಳು. ಎರಡು ದಿನ ನನ್ನೊಡನೆ ಮಾತು ಬಿಟ್ಟಳು, ಅನ್ನ ಮಾತ್ರ ಹಾಕಿದಳು.

ಶುಕ್ರವಾರ ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದು, ಸಹಿ ಹಾಕಿ, ನಮ್ಮ ಸಂಸ್ಥೆಯ ನಿರ್ದೇಶಕರ ಕಚೇರಿಗೆ ಕೊಟ್ಟೆ. ಜೊತೆಗೆ ಆ ಎರಡು ಬಿಲ್ಲೆಗಳನ್ನೂ ಇಟ್ಟೆ. ಗುಮಾಸ್ತ ನರಸಯ್ಯನವರು ಓದಿ, "ನಿನ್ ಕೆಲ್ಸ ನೀನೇ ಕಳ್ಕೊಂಡೆ ಕಣೋ" ಎಂದರು. ಆದರೂ ಮೊಹರು ಒತ್ತಿದರು. ಮೊಹರು ಬಿದ್ದ ಪ್ರತಿ ಈ ಲಕೋಟೆಯಲ್ಲಿದೆ. ಅವರಾಗಿಯೇ ನಿಮ್ಮನ್ನು ಕರೆಸುತ್ತಾರೋ ಇಲ್ಲವೋ ಹೇಳಲಾರೆ. ಕರೆಸದಿದ್ದರೆ ಇದನ್ನು ಹಿಡಿದು ನೀವೇ ಬನ್ನಿ. ಈಗ ನೀವು ದುಡಿಯುವ ಇಟ್ಟಿಗೆ ಗೂಡಿನ ಹೊಗೆ ನಿಮ್ಮ ಎದೆಗೆ ಒಳ್ಳೆಯದಲ್ಲ.

ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದು ಹಾಕಿದೆ.

ಇತಿ, ನಿಮ್ಮ ಕೈಕೆಳಗೆ ಕೆಲಸ ಕಲಿತ
ಚಿಕ್ಕಬೈರಪ್ಪ

ತಾ.ಕ.: ಮೇಲೆ ಒಂದು ವಿಷಯ ಬರೆಯದೆ ಜಾರಿಕೊಂಡಿದ್ದೆ. ನಾನು ಚೆನ್ನಾಗಿದ್ದೇನೆಂದು ಡಾಕ್ಟರು ಸುಮ್ಮನೆ ಹೇಳಿದ್ದಲ್ಲ. ನಿಮ್ಮನ್ನು ಕಳಿಸಿದ ಮರುವಾರವೇ ನಿಮ್ಮ ಜಾಗಕ್ಕೆ ನನ್ನನ್ನು ಹಾಕಿದರು. ನಾನು ಬೇಡವೆನ್ನಲಿಲ್ಲ. ನಿಮ್ಮ ಖಾಕಿ ಕೋಟನ್ನೇ ತೊಟ್ಟುಕೊಂಡೆ. ತೋಳು ಉದ್ದವಾಗಿತ್ತು, ಅಮ್ಮ ಮಡಿಸಿ ಹೊಲಿದುಕೊಟ್ಟಿದ್ದಳು. ನಿನ್ನೆ ಆ ಹೊಲಿಗೆ ಬಿಚ್ಚಿ, ಕೋಟನ್ನು ಕುಲುಮೆಯ ಪಕ್ಕದ ಮೊಳೆಗೆ ತೂಗುಹಾಕಿ ಬಂದಿದ್ದೇನೆ. ಜಾಗ ಖಾಲಿ ಇದೆ. ನಾಳೆ ಬೆಳಿಗ್ಗೆ ಯಶವಂತಪುರದಲ್ಲಿ ರೈಲು ಹತ್ತಿ, ಬೇರೆ ಕೆಲಸ ಹುಡುಕಿಕೊಂಡು ಭದ್ರಾವತಿಗೆ ಹೋಗುತ್ತೇನೆ.