ನನ್ನ ತಲೆಯೊಳಗೆ ಕಂಡದ್ದನ್ನು ನನಗೂ ಹೇಳಿ

ಮಿದುಳು ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದು ನಿಮಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ನನ್ನ ದೂರು ಇಷ್ಟೇ. ಈ ಬಗ್ಗೆ ನಿಮ್ಮ ಕಚೇರಿಗೆ ಬರೆದಾಗ, "ತಮ್ಮ ಆಸಕ್ತಿಗೆ ವಂದನೆಗಳು" ಎಂಬ ಉತ್ತರ ಬಂತು. ಸ್ವಂತ ತಲೆಯ ಬಗ್ಗೆ ನನಗಿರುವುದು ಆಸಕ್ತಿಯಂತೆ! ಅದಕ್ಕೇ ಈಗ ಊರೆಲ್ಲ ಓದುವ ಪತ್ರಿಕೆಗೆ ಬರೆಯುತ್ತಿದ್ದೇನೆ.

ನನ್ನ ತಾಯಿ ಆಲ್ಝೈಮರ್ ಕಾಯಿಲೆಯಿಂದ ಹೋದರು. ಕೊನೆಕೊನೆಗೆ ನನ್ನನ್ನು "ಆ ಅಡುಗೆಯವಳು" ಎನ್ನುತ್ತಿದ್ದರು. ಆ ಸಂಕಟಕ್ಕೇ ನಾನು ನಿಮ್ಮ ಮರೆವಿನ ಅಧ್ಯಯನಕ್ಕೆ ಸೇರಿದ್ದು. ಪ್ರತಿ ಚಳಿಗಾಲ ಹಿಮದ ರಸ್ತೆಯಲ್ಲಿ ನಗರಕ್ಕೆ ಬಂದು, ಸೊಂಟನೋವು ನುಂಗಿಕೊಂಡು ಮಿದುಳಿನ ಚಿತ್ರ ತೆಗೆಯುವ ಆ ಗಡಗಡ ಯಂತ್ರದೊಳಗೆ ಮಲಗಿದೆ. "ಎದುರಿಗಿರೋ ಗುರುತನ್ನ ನೋಡ್ತಾ ಇರಿ, ಏನೂ ಯೋಚಿಸ್ಬೇಡಿ" ಎಂದಿರಿ. ಸಂಸಾರ ಮಾಡಿದ ಹೆಂಗಸಿಗೆ ಇದಕ್ಕಿಂತ ಕಷ್ಟದ ಕೆಲಸ ಉಂಟೇ? ಮಿದುಳು ಸುಮ್ಮನಿದ್ದಾಗ ಅದರ ಭಾಗಗಳು ಒಂದರೊಡನೊಂದು ಹೇಗೆ ಮಾತಾಡಿಕೊಳ್ಳುತ್ತವೆ ಎಂದು ನೋಡುತ್ತೀರಂತೆ. ನೋಡಿಕೊಳ್ಳಿ ಎಂದು ಸುಮ್ಮನಿದ್ದೆ.

ಇನ್ನು ನಿಮ್ಮ ನಿಯಮದಂತೆ ಪ್ರತಿಯೊಬ್ಬರೂ ಒಬ್ಬ ಜೊತೆಗಾರರನ್ನು ಕರೆತರಬೇಕು. ನಮ್ಮ ಮರೆವಿನ ಬಗ್ಗೆ ಅವರು ಸಾಕ್ಷಿ ಹೇಳಬೇಕು. ನನ್ನ ಜೊತೆಗಾರ ನನ್ನ ಗಂಡ ಡೆಲ್ಮರ್. ನಮ್ಮ ಉತ್ತರ ಮಿನೆಸೋಟ ಸೀಮೆಯ ಗಂಡಸಿನಿಂದ ಸಾಕ್ಷಿ! ಮನೆಗೆ ಬೆಂಕಿ ಬಿದ್ದರೂ "ಸ್ವಲ್ಪ ಬೆಚ್ಚಗಿದೆ" ಎನ್ನುವ ಜನ ನಾವು. ನಿಮ್ಮ ಕೇಂದ್ರದ ಹುಡುಗಿ ಕೇಳಿದಳು, "ಮಾರ್ಲಿಸ್ ಅವರ ನೆನಪು ಹೋದ ವರ್ಷಕ್ಕಿಂತ ಹೇಗಿದೆ ಸರ್?"

"ಪರವಾಗಿಲ್ಲ."

"ಎಲ್ಲಾದ್ರೂ ದಾರಿ ತಪ್ಪಿದ್ದುಂಟಾ?"

"ಹಾಗೇನಿಲ್ಲ."

ಅಂಗಡಿಯಿಂದ ಬರುವಾಗ ನಮ್ಮದೇ ತಿರುವು ಬಿಟ್ಟು ನಾನು ಪಕ್ಕದ ಊರು ಸೇರಿದ್ದ ಸಂಗತಿ ಅವನ ಬಾಯಿಂದ ಬರಲಿಲ್ಲ. ಹೆಂಡತಿಯ ಕುಂದನ್ನು ಪರರ ಮುಂದೆ ಆಡುವುದು ಮರ್ಯಾದೆಯಲ್ಲ ಎಂದು ಅವನ ಲೆಕ್ಕ. ಅದು ಬರೀ ಮೈಮರೆವೋ ಇನ್ನೇನೋ, ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಆ ಯಂತ್ರಕ್ಕೆ ಗೊತ್ತು.

ಕಳೆದ ತಿಂಗಳು ನಮಗೆಲ್ಲ ಉಪಾಹಾರ ಕೂಟ ಏರ್ಪಡಿಸಿ ಪರದೆಯ ಮೇಲೆ ಬಣ್ಣಬಣ್ಣದ ಮಿದುಳು ತೋರಿಸಿದಿರಿ. ಮರೆವು ಕಾಣಿಸಿಕೊಳ್ಳುವ ವರ್ಷಗಳ ಮೊದಲೇ ಕೆಲವರಲ್ಲಿ ಈ ಸಂಪರ್ಕಜಾಲ ಬದಲಾಗುವುದು ಕಾಣುತ್ತಿದೆ ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ. ನಮ್ಮ ಕಡೆ ಸಭೆಯಲ್ಲಿ ಎದ್ದು ಕೇಳುವುದೆಂದರೆ ಚರ್ಚಿನಲ್ಲಿ ಶಿಳ್ಳೆ ಹೊಡೆದ ಹಾಗೆ. "ಆ ಕೆಲವರಲ್ಲಿ ನಾನಿದೀನಾ?" ಎಂದೆ. ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡತೊಡಗಿದರು. ಡೆಲ್ಮರ್ ತೋಳು ಎಳೆದು, "ಕೂತ್ಕೊಳೆ ಮಾರಾಯ್ತಿ, ಕಾಫಿ ಆರ್ತಾ ಇದೆ" ಎಂದ. ನೀವು ನಕ್ಕು, "ಅದು ಸಂಶೋಧನೆಗೆ ಮಾತ್ರ ಮೇಡಂ. ಒಬ್ಬೊಬ್ಬರ ವಿಷಯ ಖಚಿತವಾಗಿ ಹೇಳೋಕಾಗಲ್ಲ. ಸುಮ್ನೆ ಯಾಕೆ ಆತಂಕ?" ಎಂದಿರಿ.

ಆಹಾ, ಎಂಥ ಕರುಣೆ! ನಮ್ಮ ಸರೋವರ ಹೆಪ್ಪುಗಟ್ಟಿದಾಗ ಮೊದಲು ಮೀನಿಗೆ ಹೋದವರು ಮಂಜುಗಡ್ಡೆ ಕೊರೆದು, ದಪ್ಪ ಅಳೆದು, ಗಾಳದ ಹುಳ ಮಾರುವ ಅಂಗಡಿಯ ಹಲಗೆಯ ಮೇಲೆ ಬರೆಯುತ್ತಾರೆ. ನಾಲ್ಕು ಹೆಜ್ಜೆ ಆಚೆ ಅದು ತೆಳ್ಳಗಿರಬಹುದು ಎಂದು ಎಲ್ಲರಿಗೂ ಗೊತ್ತು. ತೆಳ್ಳಗಿನ ಮಂಜುಗಡ್ಡೆಗೆ ಮದ್ದೂ ಇಲ್ಲ. ಆದರೂ "ಖಚಿತವಿಲ್ಲ, ನಿಮಗೆ ಆತಂಕವಾದೀತು" ಎಂದು ಅಳತೆ ಬಚ್ಚಿಟ್ಟವನನ್ನು ನಮ್ಮೂರು ಕರುಣಾಳು ಎಂದು ಕರೆಯುವುದಿಲ್ಲ. ಮಂಜುಗಡ್ಡೆಯ ಮೇಲೆ ಗಾಡಿ ಇಳಿಸಬೇಕೋ, ದಡದಲ್ಲೇ ನಿಲ್ಲಬೇಕೋ ಎಂಬುದು ಓದಿದವರಿಗೆ ಬಿಟ್ಟದ್ದು. ನನಗೂ ನಿರ್ಧರಿಸಬೇಕಾದದ್ದಿದೆ. ಎಲ್ಲಿ ಇರಬೇಕು, ಕಾರು ಯಾವಾಗ ಬಿಡಬೇಕು, ತಾಯಿಗೆ ಮಾಡಿದ ಹಾಗೆ ನನಗೂ ಕೊಳವೆಯಲ್ಲಿ ಊಟ ಹಾಕಬೇಕೋ ಬೇಡವೋ. ಇದನ್ನೆಲ್ಲ ನಾನು ನಾನಾಗಿರುವಾಗಲೇ ಹೇಳಿಟ್ಟಿರಬೇಕು. ನನಗೆ ಹೆದರಿಕೆ ಇಲ್ಲವೆಂದಲ್ಲ. ತುಂಬ ಇದೆ.

ನಿಮ್ಮ ಪರವಾಗಿ ಒಂದೇ ಒಂದು ಒಳ್ಳೆಯ ಮಾತಿದೆ. ಅದನ್ನು ಆಡಿದವರು ನೀವಲ್ಲ. ಆ ಕೂಟದಿಂದ ವಾಪಸು ಬರುವಾಗ ಡೆಲ್ಮರ್ ಗಾಡಿ ಓಡಿಸುತ್ತಲೇ ಹೇಳಿದ, "ನಿಂಗೆ ಹೇಳಿದ್ರೆ ನಂಗೂ ಹೇಳಿದ ಹಾಗೇ ಅಲ್ವೇನೆ? ನಂಗೆ ಗೊತ್ತಾಗೋದು ಬೇಡ ಮಾರ್ಲಿಸ್. ಗೊತ್ತಾದ್ಮೇಲೆ ನೀನು ಕನ್ನಡಕ ಹುಡುಕಿದ್ರೂ ನಂಗೆ ಅದೇ ಶುರುವಾಯ್ತು ಅನ್ಸುತ್ತೆ."

ಮದುವೆಯಾದಾಗಿನಿಂದ ಅವನು ಇಷ್ಟು ಉದ್ದ ಮಾತಾಡಿದ್ದಿಲ್ಲ.

"ಹಾಗಾದ್ರೆ ನಾನೂ ಕಣ್ಮುಚ್ಕೊಂಡಿರ್ಲಾ?"

ಮನೆಯ ಮುಂದೆ ಗಾಡಿ ನಿಲ್ಲಿಸಿದ ಮೇಲೆ, "ನೀನು ಕೇಳೋಕೆ ಹೋಗೋದಾದ್ರೆ ನಾನೂ ಒಳಗೆ ಬಂದು ಕೂತ್ಕೋತೀನಿ" ಎಂದ.

ಆದ್ದರಿಂದ ನನ್ನ ಒತ್ತಾಯ ಕೇಳಿ. ಬೇಡವೆನ್ನುವವರಿಗೆ ಖಂಡಿತ ಹೇಳಬೇಡಿ. ಬೇಕೆನ್ನುವವರನ್ನು ಎದುರಿಗೆ ಕೂರಿಸಿಕೊಂಡು, ಕಂಡದ್ದೇನು, ಅದರಲ್ಲಿ ನಿಮಗಿರುವ ಅನುಮಾನವೆಷ್ಟು, ಎರಡನ್ನೂ ಹೇಳಿ. ಕೇಳಿ ಅರ್ಥಮಾಡಿಕೊಳ್ಳಲು ನಾನಿರುವಾಗಲೇ ಹೇಳಿ. ತಡಮಾಡಿದರೆ, ಆ ಸುದ್ದಿ ಕೇಳಿಸಿಕೊಳ್ಳಲು ನಿಮ್ಮ ಎದುರು ಉಳಿದಿರುವವನು, ಬೇಡವೆಂದ ಡೆಲ್ಮರ್ ಒಬ್ಬನೇ.

ಇಂತಿ,
ನಿಮ್ಮ ಕಡತದಲ್ಲಿ ಬರೀ ಒಂದು ಸಂಖ್ಯೆಯಾಗಿರುವ, ಇವತ್ತಿನ ಮಟ್ಟಿಗೆ ತನ್ನ ಹೆಸರನ್ನು ತಾನೇ ಬರೆಯಬಲ್ಲ
ಮಾರ್ಲಿಸ್ ಹಾಗನ್