ಪ್ರೋಟಿಯಾ ಹೂವಿಗೆ ಬೆಳಕು ಬೇಕಂತೆ

ಮನೆಯಿಂದ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ ನಿನ್ನ ಮಾವನ ಆಶೀರ್ವಾದ.

ಹೇಗಿದ್ದೀಯ ತಾಯಿ? ಬೆನ್ನು ನೋವು ಕಡಿಮೆಯಾಯಿತೇ? ದಿನವಿಡೀ ನಿಂತು ಹೂವಿನ ಕಟ್ಟು ಕಟ್ಟುವ ಕೆಲಸ, ಒಂದು ಎತ್ತರದ ಸ್ಟೂಲಾದರೂ ಕೇಳು ಎಂದಿದ್ದೆ. ಕೇಳಿರಲಾರೆ, ನಿನಗೆ ಬಾಯಿ ಬರುವುದು ಇನ್ನೊಬ್ಬರ ಪರವಾಗಿ ಮಾತ್ರ. ನಾನು ಚೆನ್ನಾಗಿದ್ದೇನೆ. ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹೊಲಿಗೆಗೆ ಕೊರತೆಯಿಲ್ಲ, ಹೋದ ವಾರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹನ್ನೆರಡು ಪರದೆ ಹೊಲಿದುಕೊಟ್ಟೆ. ನೀನು ಕೆಲಸಕ್ಕೆಂದು ಹೋಗಿ ಎಂಟು ತಿಂಗಳಾಯಿತು. ಆದರೂ ಅಡುಗೆ ಮನೆಗೆ ಹೋಗುವಾಗ, ನೀನು ಒಳಗಿದ್ದೀಯೇನೋ ಎಂಬಂತೆ, ಬಾಗಿಲಲ್ಲಿ ಒಮ್ಮೆ ಕೆಮ್ಮಿಯೇ ಹೋಗುತ್ತೇನೆ. ಒಳಗೆ ಯಾರೂ ಇರುವುದಿಲ್ಲ. ನನಗೇ ನಗು ಬರುತ್ತದೆ, ಆಮೇಲೆ ಬರುವುದಿಲ್ಲ.

ನಿನ್ನ ಕಾಗದ ಬಂದು ಇವತ್ತಿಗೆ ಇಪ್ಪತ್ತಮೂರು ದಿನ. ಉತ್ತರ ಬರೆಯಲಿಲ್ಲ. ನೀನು ಕೇಳಿದ್ದು ಸಣ್ಣ ಮಾತೂ ಅಲ್ಲ. ನಿಮ್ಮ ತೋಟದ ಹೂವಿನ ವ್ಯಾನ್ ಓಡಿಸುವವನು ನಿನ್ನನ್ನು ಮದುವೆಯಾಗುತ್ತೇನೆ ಎನ್ನುತ್ತಿದ್ದಾನೆ, ಅವನ ತಾಯಿ ‘ಹೆಣ್ಣಿನ ಕಡೆಯವರು ಯಾರಮ್ಮಾ?’ ಎಂದು ಕೇಳಿದಾಗ ತಂದೆತಾಯಿ ಇಲ್ಲದ ನೀನು ಏನು ಹೇಳಬೇಕೆಂದು ತೋಚದೆ ನಿಂತೆಯಂತೆ, ‘ನೀವು ಒಪ್ಪಿದರೆ ಮಾತ್ರ ಹೂಂ ಅನ್ನುತ್ತೇನೆ’ ಎಂದು ಬರೆದಿದ್ದೀಯ. ನನ್ನ ಮಗ ತೀರಿಕೊಂಡು ಮೂರು ವರ್ಷ ಆಯಿತಷ್ಟೆ. ನಿನಗೆ ಮೂರು ವರ್ಷ ಬಲು ದೀರ್ಘವೆಂದು ನನಗೂ ಗೊತ್ತು, ಆದರೆ ಅಂದು ಓದುವಾಗ ‘ಅಷ್ಟೆ’ ಎಂದೇ ಅನ್ನಿಸಿತು. ಆ ಮಾತಿಗೆ ಬರುತ್ತೇನೆ. ಮೊದಲು ನೀನು ಕಳಿಸಿದ ಹೂವಿನ ಸಮಾಚಾರ ಹೇಳಬೇಕು. ಅದರಲ್ಲಿ ನಾನೊಂದು ತಪ್ಪು ಮಾಡಿದ್ದೇನೆ.

ಆ ಉದ್ದನೆಯ ಪೆಟ್ಟಿಗೆ ಬಿಚ್ಚಿದಾಗ, ಸುಳ್ಳೇಕೆ ಹೇಳಲಿ, ಇದು ಹೂವೆಂದೇ ಗೊತ್ತಾಗಲಿಲ್ಲ. ಒಂದೊಂದೂ ಮುಷ್ಟಿಗಿಂತ ದೊಡ್ಡದು, ಎಸಳು ಕ್ಯಾನ್ವಾಸ್ ಬಟ್ಟೆಯಷ್ಟು ಗಡುಸು, ನಡುವೆ ಶೇವಿಂಗ್ ಬ್ರಷ್ಷಿನಂತೆ ಒತ್ತಾಗಿ ನಿಂತ ಕೂದಲು, ಕಾಂಡವಂತೂ ಕಟ್ಟಿಗೆಯೇ. ಪೆಟ್ಟಿಗೆಯನ್ನು ಮೇಲಕ್ಕೆ ಹೊತ್ತುತಂದ ಕೆಳಗಿನ ಮನೆ ಮೇಷ್ಟ್ರು ಕನ್ನಡಕ ಏರಿಸಿಕೊಂಡು ನೋಡಿ, “ಇದು ನೋಡೋಕೋ, ಬೇಯಿಸೋಕೋ?” ಎಂದು ಕೇಳಿದರು. ಪ್ರೋಟಿಯಾ ಅಂತ ಸ್ವಾಮಿ, ನಮ್ಮ ಸೊಸೆ ಕಳಿಸಿದ್ದು ಎಂದು ದೊಡ್ಡ ತಿಳಿದವನ ಹಾಗೆ ಹೇಳಿದೆ. ಹೆಸರು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು, ಅಷ್ಟೆ. ಅವರು ಹೋದ ಮೇಲೆ ಪೆಟ್ಟಿಗೆಯಲ್ಲಿದ್ದ ನಿನ್ನ ಕಾಗದ ಓದಿದೆ. ಮುಂಬದಿಯ ಕೊನೆಗೆ ಬರುವಷ್ಟರಲ್ಲಿ ಮುಂದೆ ಓದುವ ಧೈರ್ಯ ಉಳಿಯಲಿಲ್ಲ. ಮಡಚಿ, ಮೆಷಿನ್ನಿನ ಡ್ರಾಯರಿನಲ್ಲಿ ದಾರದ ಉಂಡೆಗಳ ಕೆಳಗೆ ತಳ್ಳಿಬಿಟ್ಟೆ. ಹೂವನ್ನು ಹೇಗೆ ನೋಡಿಕೊಳ್ಳಬೇಕೆಂದು ನೀನು ಅದರ ಹಿಂಬದಿಯಲ್ಲೇ ಬರೆದಿದ್ದು ನನಗೆ ಹೇಗೆ ತಿಳಿಯಬೇಕು?

ಹಾಗಾಗಿ ನನ್ನ ಬುದ್ಧಿಗೆ ತೋಚಿದ್ದನ್ನೇ ಮಾಡಿದೆ. ಕಾಂಡದ ತುದಿ ಒಣಗಿತ್ತು, ಕತ್ತರಿಸಬೇಕೆಂದು ಗೊತ್ತಿತ್ತು, ಕೈಗೆ ಸಿಕ್ಕಿದ್ದು ನನ್ನ ಬಟ್ಟೆ ಕತ್ತರಿ. ಹೌದು, ಅದೇ ಕತ್ತರಿ. ನೀನು ಮನೆ ತುಂಬಿದ ಹೊಸದರಲ್ಲಿ ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸಿದ್ದಕ್ಕೆ ನಾನು ಮನೆ ಮಾಳಿಗೆ ಹಾರುವಂತೆ ಕೂಗಾಡಿದ್ದೆ. “ಒಂದು ಹಾಲಿನ ಪ್ಯಾಕೆಟ್ ತಾನೇ ಮಾವ” ಎಂದು ಕಣ್ಣು ಒರೆಸಿಕೊಂಡಿದ್ದೆ ನೀನು. ಅದೇ ಕತ್ತರಿಗೆ ಆ ಕಟ್ಟಿಗೆ ಕೊಟ್ಟೆ, ಮೂರನೆಯ ಕಾಂಡಕ್ಕೆ ಅಲಗು ಹಲ್ಲು ಮುರಿದುಕೊಂಡಿತು. ತಕ್ಕ ಶಾಸ್ತಿ ಆಯಿತು ಎಂದುಕೋ. ಹೂವಿನ ತಲೆಭಾರಕ್ಕೆ ಸ್ಟೀಲ್ ಲೋಟ ಎರಡು ಸಲ ಮಗುಚಿಬಿತ್ತು. ಕೊನೆಗೆ ಪರದೆಯ ಬಳೆಗಳನ್ನು ಹಾಕಿಡುವ ದೊಡ್ಡ ಗಾಜಿನ ಜಾಡಿ ಇದೆಯಲ್ಲ, ಅದನ್ನು ಖಾಲಿ ಮಾಡಿ ಐದನ್ನೂ ನಿಲ್ಲಿಸಿದೆ. ಆಮೇಲೆ ಅದನ್ನು ಎತ್ತಿಕೊಂಡು ಹೋಗಿ ನಿಮ್ಮ ಕೋಣೆಯಲ್ಲಿಟ್ಟೆ.

ನಿಮ್ಮ ಕೋಣೆಯ ಕಿಟಕಿ ನಿನಗೆ ಗೊತ್ತೇ ಇದೆ. ಮಗ ಹೋದ ದಿನ ಎಳೆದ ಪರದೆಯನ್ನು ನಾನು ಮತ್ತೆ ಸರಿಸಲಿಲ್ಲ, ನಿನಗೂ ಸರಿಸಲು ಬಿಡಲಿಲ್ಲ. ಬಿಸಿಲು ಬಣ್ಣದ ಶತ್ರು ಎಂದು ನಲವತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಾ ಬಂದವನು ನಾನು. ಹೂವಿನ ಆ ಕೆಂಪು ಮಾಸದಿರಲಿ ಎಂದೇ ಕತ್ತಲಲ್ಲಿಟ್ಟೆ. ಇದು ಅರ್ಧ ನಿಜ. ಇನ್ನರ್ಧ ಏನೆಂದರೆ, ಅವು ನನ್ನ ಕಣ್ಣೆದುರಿಗೆ ಇರುವುದು ಬೇಡವಾಗಿತ್ತು.

ನಾಲ್ಕನೆಯ ದಿನ ನೀರು ನೋಡಲು ಹೋದರೆ ಎಲೆಗಳೆಲ್ಲ ಕಪ್ಪು. ಬಾಡಿದ್ದಲ್ಲ, ಒಣಗಿದ್ದಲ್ಲ, ಇಸ್ತ್ರಿಪೆಟ್ಟಿಗೆ ಮರೆತಿಟ್ಟ ಬಟ್ಟೆಯಂತೆ ಸುಟ್ಟ ಕಪ್ಪು. ಹೂವು ಮಾತ್ರ ಹಾಗೆಯೇ ಅರಳಿಕೊಂಡಿದೆ. ನನ್ನ ಹೊಟ್ಟೆಕಿಚ್ಚೇ ತಾಗಿತೇನೋ ಅನ್ನಿಸಿತು. ಒಂದನ್ನು ಪೇಪರಿನಲ್ಲಿ ಸುತ್ತಿಕೊಂಡು, ಮಂಡಿಯನ್ನು ಬೈದುಕೊಂಡು ಮೆಟ್ಟಿಲಿಳಿದು, ಬಸ್ ಸ್ಟ್ಯಾಂಡ್ ಪಕ್ಕದ ಹೂವಿನಂಗಡಿಯಾಕೆಯ ಹತ್ತಿರ ಹೋದೆ. ಆಕೆ ನೋಡಿದವಳೇ, “ಕತ್ತಲಲ್ಲಿ ಇಟ್ಟಿದ್ರಾ ಯಜಮಾನ್ರೇ?” ಎಂದಳು. ಕಳ್ಳ ಸಿಕ್ಕಿಬಿದ್ದ ಹಾಗಾಯಿತು ನನಗೆ. ಈ ಹೂವು ಬಲು ಹೊಟ್ಟೆಬಾಕವಂತೆ. ಎಲೆಗೆ ಬೆಳಕು ಬಿದ್ದರೆ ಅದು ಆಹಾರ ಮಾಡಿ ಹೂವಿಗೆ ಕೊಡುತ್ತದೆ, ಬೆಳಕಿಲ್ಲದಿದ್ದರೆ ಹೂವು ಎಲೆಯಲ್ಲಿ ಇದ್ದಬದ್ದ ಸತ್ವವನ್ನೆಲ್ಲ ಹೀರುತ್ತದೆ, ಎಲೆ ಕಪ್ಪಾಗುತ್ತದೆ. “ಕಳಿಸಿದವ್ರು ಹೇಳಿರಬೇಕಲ್ಲ, ಚೀಟಿ ಗೀಟಿ ಏನಾದ್ರೂ ನೋಡಿ” ಎಂದು ಬೈದು, ಕೊಂಬೆ ಕತ್ತರಿಸುವ ಕತ್ತರಿಯನ್ನು ಎರಡು ದಿನಕ್ಕೆ ಕೊಟ್ಟು ಕಳಿಸಿದಳು.

ಮನೆಗೆ ಬಂದು ಡ್ರಾಯರ್ ತೆಗೆದು ಹಾಳೆ ತಿರುಗಿಸಿದೆ. ಎಲ್ಲ ಬರೆದಿದ್ದೆ ನೀನು. ಕಾಂಡವನ್ನು ಓರೆಯಾಗಿ ಒಂದು ಬೆರಳಷ್ಟು ಕತ್ತರಿಸಿ, ನೀರಿನೊಳಗೆ ಮುಳುಗುವ ಎಲೆ ಕಿತ್ತುಬಿಡಿ, ಇದು ತುಂಬಾ ನೀರು ಕುಡಿಯುತ್ತೆ, ದಿನ ಬಿಟ್ಟು ದಿನ ಬದಲಾಯಿಸಿ, ಒಂದು ಚಮಚ ಸಕ್ಕರೆ ಹಾಕಿ, ನೀವು ತಿನ್ನಬೇಡಿ, ಬೆಳಕಿರುವ ಕಡೆ ಇಡಿ. ಅದರ ಕೆಳಗೆ ಇನ್ನೊಂದು ಮಾತು. ‘ಒಂದು ತಿಂಗಳು ಕಾಯುತ್ತೇನೆ ಮಾವ. ಉತ್ತರ ಬರದಿದ್ದರೆ ನಿಮಗೆ ಇಷ್ಟವಿಲ್ಲವೆಂದು ತಿಳಿದು, ಕೆಲಸ ಬಿಟ್ಟು ಮನೆಗೇ ಬಂದುಬಿಡುತ್ತೇನೆ. ನಿಮ್ಮ ಮೇಲೆ ಬೇಸರವಿಲ್ಲ.’

ಈಗ ಹೇಳಲೇಬೇಕಾದ್ದು ಇದು. ಆ ಮಾತು ಓದಿ ಇವತ್ತಿಗೆ ಹತ್ತೊಂಬತ್ತು ದಿನ. ಪೆನ್ನಿತ್ತು, ಕಾಗದವಿತ್ತು, ಕೈಗೆ ಏನೂ ಆಗಿರಲಿಲ್ಲ. ಬೇಕೆಂದೇ ಸುಮ್ಮನಿದ್ದೆ. ನಾನು ಬೇಡ ಎನ್ನಬೇಕಾಗಿಯೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನೀನು ಮೆಟ್ಟಿಲು ಹತ್ತಿ ಬರುತ್ತೀ, ಅಡುಗೆ ಮನೆಯಲ್ಲಿ ಪಾತ್ರೆ ಸದ್ದಾಗುತ್ತದೆ, ನನ್ನ ಕೆಮ್ಮಿಗೊಂದು ಅರ್ಥ ಬರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕಾಚಾರ. ನಿನ್ನ ಅತ್ತೆ ಹೋದ ಮೇಲೆ ನಾನು ಇನ್ನೊಂದು ಮದುವೆ ಮಾಡಿಕೊಳ್ಳಲಿಲ್ಲ ಎಂದು ನಿನ್ನೆದುರು ಎಷ್ಟು ಸಲ ಹೇಳಿದ್ದೇನೆ! ಸುಮ್ಮನೆ ಹೇಳಿದ್ದಲ್ಲ ಅದು, ನೀನು ಕೇಳಿಸಿಕೊಳ್ಳಲಿ ಎಂದೇ ಹೇಳಿದ್ದು.

ಆದರೆ ಹೂವು ಇತ್ತಲ್ಲ, ಅದನ್ನು ನೋಡಿಕೊಳ್ಳಲೇಬೇಕಿತ್ತು. ಅಂದೇ ಪರದೆ ಸರಿಸಿದೆ. ಮೂರು ವರ್ಷದ ಧೂಳು ಮೂಗಿಗೆ ಬಡಿದು ಹತ್ತು ಸಲ ಸೀನಿದೆ. ಬೀದಿ ಕಡೆಗಿದ್ದ ಪರದೆಯ ಮೈ ಪೂರ್ತಿ ಬೆಳ್ಳಗಾಗಿತ್ತು, ನಾನು ಕಾದಿಟ್ಟ ಬಣ್ಣ ನೋಡು! ಬಿಚ್ಚಿ ಒಗೆಯಲು ಹಾಕಿದವನು ಮತ್ತೆ ತೂಗುಹಾಕಲಿಲ್ಲ. ಕಪ್ಪಾದ ಎಲೆಗಳನ್ನೆಲ್ಲ ಕಿತ್ತೆ, ಓರೆಯಾಗಿ ಕತ್ತರಿಸಿದೆ, ಒಂದು ಪೊಟ್ಟಣ ಸಕ್ಕರೆ ಕೊಂಡುತಂದೆ. ಅಂಗಡಿಯವನು “ಡಾಕ್ಟ್ರು ಬಿಟ್ರಾ?” ಎಂದು ಕೇಳಿದ, ನನಗಲ್ಲಪ್ಪ, ಮನೆಗೆ ಬಂದವರಿಗೆ ಎಂದೆ. ಮೆಷಿನ್ನನ್ನು ಆ ಕಿಟಕಿಯ ಪಕ್ಕಕ್ಕೇ ಎಳೆದುಕೊಂಡೆ. ಎದುರು ಮನೆಯ ಮಹಡಿಯಲ್ಲಿ ಈಗ ಸೈಕಲ್ ರಿಪೇರಿಯವನ ಸಂಸಾರ ಇದೆ, ಎರಡು ಸಣ್ಣ ಮಕ್ಕಳಿವೆ, ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ದಿನ ಬಿಟ್ಟು ದಿನ ನೀರು ಬದಲಾಯಿಸುವಾಗ ಹೂವಿನ ಹತ್ತಿರ ಒಂದೆರಡು ಮಾತಾಡಿದೆ, ಯಾರಿಗೂ ಹೇಳಬೇಡ. ಎರಡು ಹೂವು ಹೋದವು. ಉಳಿದ ಮೂರು ಹದಿನೈದು ದಿನ ಗಟ್ಟಿಯಾಗಿ ನಿಂತವು. ನೀರು ಮುಗಿದ ಮೇಲೆ ಮತ್ತೆ ಹಾಕಬೇಡಿ, ಹಾಗೇ ಒಣಗಿ ವರ್ಷಗಟ್ಟಲೆ ಇರುತ್ತೆ ಎಂದು ಹೂವಿನಂಗಡಿಯಾಕೆ ಹೇಳಿದ್ದಳು. ನಿಜ, ಒಣಗಿದರೂ ಒಂದು ಎಸಳೂ ಉದುರಿಲ್ಲ.

ಇವತ್ತು ಬೆಳಿಗ್ಗೆ ಜಾಡಿ ತೊಳೆಯುವಾಗ ಕಪ್ಪೆಲೆಯೊಂದು ತಳಕ್ಕೆ ಅಂಟಿಕೊಂಡಿತ್ತು. ಕೆರೆದು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಆ ಕೋಣೆಯಲ್ಲಿ ಎರಡು ವರ್ಷ ನಿನ್ನನ್ನೂ ಹೀಗೇ ಇಟ್ಟುಕೊಂಡಿದ್ದೆ ಮಗಳೇ. ನೀನು ಸೊರಗಿದೆ, ನಾನು ಚೆನ್ನಾಗಿದ್ದೆ. ಅದಕ್ಕೇ ಈ ಕಾಗದ.

ಅಂಚೆಯವರು ನಾಲ್ಕು ಗಂಟೆಗೆ ಡಬ್ಬಿ ತೆಗೆಯುತ್ತಾರೆ, ನಾನೇ ಇಳಿದು ಹೋಗಿ ಹಾಕಬೇಕು. ಸ್ಟೂಲ್ ಕೇಳುವುದನ್ನು ಮರೆಯಬೇಡ. ಬಿಸಿನೀರಿನ ಚೀಲ ಬೆನ್ನಿಗೆ ಇಟ್ಟುಕೋ. ಎಲ್ಲಿದ್ದರೂ ತಂಪಾಗಿರು, ನೂರು ಕಾಲ ಬಾಳು.

ಇಂತಿ,
ನಿನ್ನ ಮಾವ

ಹಿಂಬದಿಯಲ್ಲಿ: ನೀನಾದರೂ ಹಾಳೆ ತಿರುಗಿಸಿ ನೋಡುತ್ತೀ ಎಂದು ಇಲ್ಲಿ ಬರೆಯುತ್ತಿದ್ದೇನೆ. ಒಪ್ಪಿದ್ದೇನೆ. ಮನಸ್ಸಿನಿಂದ. ಹೂಂ ಎಂದು ಹೇಳಿಬಿಡು. ನಿಮ್ಮ ಹೊಸ ಮನೆಯ ಕಿಟಕಿಗಳ ಅಳತೆ ಕಳಿಸು, ತೆಳು ಬಟ್ಟೆಯಲ್ಲಿ ಹೊಲಿದು ತರುತ್ತೇನೆ. ಕತ್ತರಿ ಸಾಣೆಗೆ ಹೋಗಿದೆ, ಬಂದ ಮೇಲೆ ನೀನು ಅದರಲ್ಲಿ ಏನು ಬೇಕಾದರೂ ಕತ್ತರಿಸು. ಇನ್ನು, ಹೆಣ್ಣಿನ ಕಡೆಯವರು ಯಾರು ಎಂದು ಆ ತಾಯಿ ಮತ್ತೆ ಕೇಳಿದರೆ ಸುಮ್ಮನೆ ನಿಲ್ಲಬೇಡ. ನಮ್ಮಪ್ಪ ಬರ್ತಾರೆ ಎಂದು ಹೇಳು.